ಸ್ವಂತ ಉದ್ಯೋಗಕ್ಕೆ ಇಳಿಯುವವರಿಗೆ

ಕೆಲಸ ಬಿಟ್ಟು ಸ್ವಂತ ಉದ್ಯೋಗ ಮಾಡುವುದು ಹೇಗೆ ಅಂತ ಕೆಲವರು ಕೇಳುತ್ತಿದ್ದೀರಿ, ಅದಕ್ಕೇ ಇದು. ನಾನು ಬಾಗಲಕೋಟೆಯಲ್ಲಿ ಗುಳೇದಗುಡ್ಡದ ಖಣದ ಬಟ್ಟೆಯಿಂದ ಬ್ಯಾಗು, ಪರ್ಸು ಹೊಲಿದು ಅಂಗಡಿಗಳಿಗೆ ಕೊಡುತ್ತೇನೆ. ಹೊಲಿಯುವುದು ಕಷ್ಟವಲ್ಲ, ಅಂಗಡಿಯವರಿಂದ ಹಣ ವಸೂಲಿ ಕಷ್ಟ. "ಮುಂದಿನ ವಾರ ಕೊಡ್ತೀನ್ರೀ" ಅಂತ ಚಹಾ ಕುಡಿಸಿ ಕಳಿಸುತ್ತಾರೆ. ಚಹಾ ಮಾತ್ರ ಚೆನ್ನಾಗಿರುತ್ತದೆ!

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ, ಮಾಡಿಸಿ. ಅದು ಪೂರ್ತಿ ಉಚಿತ, ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ನೋಂದಣಿ ಇದ್ದ ಸಣ್ಣ ತಯಾರಕರಿಗೆ, ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಮಾಲು ಕೊಂಡವರು ಹಣ ಕೊಡಬೇಕು ಅಂತ ಸಣ್ಣ ಉದ್ಯಮಗಳ 2006ರ ಕಾಯ್ದೆಯೇ ಹೇಳುತ್ತದೆ. ಇದನ್ನು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿ, ಜಗಳವಾಡದೆ ತೋರಿಸಬಹುದು ಅಲ್ವಾ? ವ್ಯಾಪಾರದ ಬ್ಯಾಂಕ್ ಖಾತೆ ಬೇರೆ ಇರಲಿ. ಬಿಲ್ಲಿನ ನಮೂನೆ ಬೇಕಾದವರು ಇಲ್ಲೇ ಕೇಳಿ, ಫೋಟೋ ಹಾಕುತ್ತೇನೆ.