ಕಪಾಟಿನ ಬೆನ್ನು ನೋಡಿದೆಯಾ?

ಗೆಳೆಯಾ,

ಕೊಳ್ಳಲೆಂದು ನೋಡಿಟ್ಟ ಏಳು ಹಳೆಯ ಕಪಾಟುಗಳ ಫೋಟೋ ಕಳಿಸಿದ್ದೀಯಲ್ಲ, ಏಳನ್ನೂ ನೋಡಿದೆ. ಏಳರಲ್ಲೂ ಮುಂಭಾಗವೇ! ಕೆತ್ತನೆಯ ಬಾಗಿಲು, ಹಿತ್ತಾಳೆಯ ಹಿಡಿ, ನೆತ್ತಿಯ ಮೇಲೆ ಕಿರೀಟದಂಥ ಪಟ್ಟಿ. ಒಂದರ ಪಾಲಿಶ್‌ನಲ್ಲಂತೂ ಫೋಟೋ ತೆಗೆಯುತ್ತಿರುವ ನೀನೇ ಕಾಣುತ್ತೀಯ. "ನೂರೈವತ್ತು ವರ್ಷದ್ದಂತೆ, ತಗೊಳ್ಳಲಾ?" ಅಂತ ಕೇಳಿದ್ದೀಯಲ್ಲ, ಹಳೆಯ ಕಪಾಟಿನ ವಯಸ್ಸು ಮುಖದಲ್ಲಿ ಗೊತ್ತಾಗುವುದಿಲ್ಲ ಕಣೋ. ಮುಖವನ್ನು ಯಾರು ಬೇಕಾದರೂ ತಿದ್ದಬಹುದು. ಬೆನ್ನು, ತಳ, ಡ್ರಾಯರಿನ ಹಿಂಬದಿ, ಇವನ್ನು ತಿದ್ದುವ ತೊಂದರೆ ತೆಗೆದುಕೊಳ್ಳುವವರು ಕಡಿಮೆ.

ನಾನೂ ಮುಖ ನೋಡಿಯೇ ಮೋಸಹೋದವನು. ಮಾರಿದವನು ಮೋಸ ಮಾಡಲಿಲ್ಲ, ನಾನೇ ಅಳತೆ ತೆಗೆಯಲಿಲ್ಲ. ಎರಡು ಬಾಗಿಲಿನ ಎತ್ತರದ ಬೀರು, ಅಪ್ಪಟ ತೇಗ, ಒಂದು ಬಿರುಕಿಲ್ಲ. ಮನೆಗೆ ತಂದು ಅಂಗಿಗಳನ್ನು ಹ್ಯಾಂಗರಿಗೆ ಹಾಕಿ ನೇತುಹಾಕಿದರೆ ಬಾಗಿಲು ಮುಚ್ಚುವುದೇ ಇಲ್ಲ! ಒಳಗಿನ ಆಳ 42 ಸೆಂಟಿಮೀಟರ್. ಅದು ಬಟ್ಟೆಯನ್ನು ಮಡಚಿಡುವ ಕಾಲದ ಬೀರು. ಹ್ಯಾಂಗರಿನ ಬಟ್ಟೆಗೆ 55ರಿಂದ 60 ಸೆಂಟಿಮೀಟರ್ ಆಳ ಬೇಕು ಅನ್ನುವುದು ಅವತ್ತು ತಿಳಿಯಿತು. ಈಗ ಅದರ ತುಂಬ ರಜಾಯಿಗಳಿವೆ.

ಮೊದಲು ಆ ನೂರೈವತ್ತರ ವಿಷಯ. ಸಾಮಾನ್ಯವಾಗಿ 100 ವರ್ಷ ದಾಟಿದ್ದನ್ನು ಆಂಟಿಕ್ ಅನ್ನುತ್ತಾರೆ. ಹಲವು ದೇಶಗಳ ಸುಂಕದ ಲೆಕ್ಕವೂ ಅದೇ. ವಿಂಟೇಜ್ ಅನ್ನುವ ಮಾತಿಗೆ ಅಂಥ ಗಡಿ ಇಲ್ಲ. ಮಾರುವವನ ಬಾಯಲ್ಲಿ ಅದು ಎಷ್ಟು ಬೇಕಾದರೂ ಹಿಗ್ಗುತ್ತೆ. ಆದ್ದರಿಂದ ಮಾತು ಬಿಡು, ಒಂದು ಡ್ರಾಯರನ್ನು ಪೂರ್ತಿ ಹೊರಗೆಳೆದು ಮೂಲೆ ನೋಡು. ಎರಡು ಹಲಗೆ ಪಾರಿವಾಳದ ಬಾಲದ ಆಕಾರದಲ್ಲಿ ಒಂದರೊಳಗೊಂದು ಹೊಕ್ಕಿರುತ್ತವಲ್ಲ, ಆ ಡವ್‌ಟೇಲ್ ಜೋಡಣೆ. ಹಲ್ಲುಗಳು ಒಂದಕ್ಕೊಂದು ಸಮನಾಗಿಲ್ಲದೆ, ಪಕ್ಕದಲ್ಲಿ ಬಡಗಿ ಗುರುತಿಗೆಂದು ಎಳೆದ ತೆಳು ಗೀರು ಇನ್ನೂ ಕಾಣುತ್ತಿದ್ದರೆ ಅದು ಕೈಯಲ್ಲಿ ಕಡಿದದ್ದು. ಅಚ್ಚಿನಲ್ಲಿ ಎರಕ ಹೊಯ್ದಂತೆ ಎಲ್ಲವೂ ಒಂದೇ ಆಗಿದ್ದರೆ ಯಂತ್ರದ ಕೆಲಸ. ಯುರೋಪ್, ಅಮೆರಿಕದ ಕಾರ್ಖಾನೆಗಳಲ್ಲಿ ಅದು 19ನೇ ಶತಮಾನದ ಕೊನೆಯ ಹೊತ್ತಿಗೆ ಮಾಮೂಲಾಯಿತು. ಹಾಗಂತ ಕೈಕೆಲಸವೆಲ್ಲ ಹಳೆಯದಲ್ಲ. ಇವತ್ತಿಗೂ ಉಳಿ ಹಿಡಿದು ಕಡಿಯುವ ಬಡಗಿಗಳಿದ್ದಾರೆ.

ಆಮೇಲೆ ಟಾರ್ಚು ಹಿಡಿದು ಬೆನ್ನಿನ ಹಲಗೆ ನೋಡು. ಅಲ್ಲಿ ಗರಗಸದ ಗೀರುಗಳು ಉಳಿದಿರುತ್ತವೆ. ಅವು ಬಿಲ್ಲಿನಂತೆ ಬಾಗಿದ್ದರೆ ಚಕ್ರದ ಗರಗಸದಲ್ಲಿ ಕೊಯ್ದ ಮರ, ಅಂದರೆ 19ನೇ ಶತಮಾನ ಅಥವಾ ಅದರ ಈಚಿನದು. ಬೆನ್ನಿಗೆ ಪ್ಲೈವುಡ್ ಇದ್ದರೆ 20ನೇ ಶತಮಾನ, ಇಲ್ಲವೇ ಬೆನ್ನು ಬದಲಾಗಿದೆ. ತಲೆಯ ಮೇಲೆ ಕೂಡಿಸುವ ಗುರುತಿನಂಥ (+) ಗೀಟಿರುವ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅಂಥದ್ದು ಒಂದೆರಡು ಇದ್ದರೆ ರಿಪೇರಿ ಅಂದುಕೋ. ಎಲ್ಲ ಕಡೆಯೂ ಅವೇ ಇದ್ದರೆ, ಸುತ್ತಲಿನ ಮರದಲ್ಲಿ ಹಳೆಯ ತೂತಿನ ಗುರುತೂ ಇಲ್ಲದಿದ್ದರೆ, ನೂರೈವತ್ತರ ಕಥೆಯನ್ನು ನಕ್ಕು ಬಿಟ್ಟುಬಿಡು. ನಾಲ್ಕನೆಯ ಫೋಟೋದಲ್ಲಿ ಮೇಲೆ ಗಾಜಿನ ಕಪಾಟು, ಕೆಳಗೆ ಡ್ರಾಯರು ಇದೆಯಲ್ಲ, ಅದರ ಎರಡು ಭಾಗಗಳ ಬೆನ್ನನ್ನು ಹೋಲಿಸಿ ನೋಡಬೇಕು. ಮರ ಬೇರೆ, ಮಾಸಿದ ಬಣ್ಣ ಬೇರೆ ಆಗಿದ್ದರೆ ಎಲ್ಲಿಯದೋ ತಲೆ, ಎಲ್ಲಿಯದೋ ಕಾಲು. ವ್ಯಾಪಾರಿಗಳು ಇದನ್ನು 'ಮ್ಯಾರೇಜ್' ಅನ್ನುತ್ತಾರೆ! ಬಳಸಲು ಅಡ್ಡಿಯೇನಿಲ್ಲ, ಆದರೆ ಬೆಲೆ ಇಳಿಯಬೇಕು.

ನಾನು ಹೆಚ್ಚು ಹೆದರುವುದು ವಯಸ್ಸಿನ ಸುಳ್ಳಿಗಲ್ಲ, ಮರ ಕೊರೆಯುವ ಕುಟ್ಟೆ ಹುಳುವಿಗೆ. 'ಹೊರಗೆ ಥಳಕು, ಒಳಗೆ ಹುಳುಕು' ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಮರದಲ್ಲಿ ಒಂದರಿಂದ ಮೂರು ಮಿಲಿಮೀಟರ್ ಅಗಲದ ಗುಂಡನೆಯ ತೂತುಗಳು ಕಾಣಬಹುದು. ಅವು ಹುಳು ಒಳಹೊಕ್ಕ ದಾರಿಯಲ್ಲ, ಬೆಳೆದು ಹಾರಿಹೋದ ಬಾಗಿಲು. ತೂತಿನ ಒಳಗೋಡೆ ಕಂದಿ ಕಪ್ಪಾಗಿದ್ದರೆ ಹಳೆಯ ಕಥೆ. ಬೆಳ್ಳಗೆ ಹೊಸದಾಗಿದ್ದು, ಕೆಳಗೆ ಪೌಡರಿನಂಥ ಪುಡಿ ಬಿದ್ದಿದ್ದರೆ ಒಳಗೆ ಇನ್ನೂ ಊಟ ನಡೆದಿದೆ. ಕೊಂಡುತಂದ ಮೇಲೂ ಕೆಲವು ವಾರ ಬೇರೆ ಮರದ ಸಾಮಾನಿನಿಂದ ದೂರವಿಟ್ಟು, ಅಡಿಗೆ ಕಪ್ಪು ಕಾಗದ ಹಾಸಿಡು. ಪುಡಿ ಬಿದ್ದರೆ ತಾನೇ ಹೇಳುತ್ತೆ. ಪುಡಿಯ ಬದಲು ಗಸಗಸೆಯಂಥ ಗಟ್ಟಿ ಕಾಳು ಉದುರಿದರೆ ಅದು ಒಣಮರದ ಗೆದ್ದಲು. ಆಗ ಕಪಾಟಿನ ಜೊತೆಗೆ ಮನೆಯ ಬಾಗಿಲು, ಕಿಟಕಿಗಳ ಗತಿಯನ್ನೂ ಯೋಚಿಸಬೇಕು.

ಇನ್ನು ಒಳಗೆ ಏನು ಇಡುತ್ತೀಯ? ನೀನು ಒಂದು ಮಾತೂ ಬರೆದಿಲ್ಲ. ಎರಡನೆಯ ಫೋಟೋದ್ದು ಲೈಬ್ರರಿಯಲ್ಲಿ ಪುಸ್ತಕಗಳ ವಿವರ ಬರೆದ ಕಾರ್ಡುಗಳನ್ನು ಇಡುತ್ತಿದ್ದ ಕಪಾಟು. ನೋಡಲು ಅದರಷ್ಟು ಚೆಂದದ್ದು ಬೇರೊಂದಿಲ್ಲ, ಒಪ್ಪುತ್ತೇನೆ. ಆದರೆ ಅದರ ಪ್ರತಿ ಡ್ರಾಯರೂ 7.5 ಸೆಂಟಿಮೀಟರ್ ಎತ್ತರ, 12.5 ಸೆಂಟಿಮೀಟರ್ ಅಗಲದ ಕಾರ್ಡಿಗೆಂದು ಅಳೆದು ಮಾಡಿದ್ದು. ಬೀಜದ ಪೊಟ್ಟಣ, ಸೂಜಿ ದಾರ, ಸ್ಕ್ರೂ, ಕೇಬಲ್ಲು, ಇಷ್ಟಕ್ಕೆ ಸೈ. ಅರವತ್ತು ಡ್ರಾಯರಿನಲ್ಲಿ ಯಾವುದರಲ್ಲಿ ಏನಿದೆ ಅಂತ ನೆನಪಿಡಲು ನಿನಗೇ ಒಂದು ಕಾರ್ಡು ಬೇಕಾದೀತು. ಪುಸ್ತಕಕ್ಕಾದರೆ ಗಾಜಿನ ಕಪಾಟು ಸರಿ, ಆದರೆ ಹಲಗೆಯ ಉದ್ದ ನೋಡು. ಒಂದು ಮೀಟರ್ ಸಾಲಿನ ಪುಸ್ತಕ ಸುಲಭವಾಗಿ 30 ಕಿಲೋ ತೂಗುತ್ತೆ. ಆಧಾರವಿಲ್ಲದ ಹಲಗೆಯ ಉದ್ದ ಎರಡರಷ್ಟಾದರೆ, ಪೂರ್ತಿ ಪುಸ್ತಕ ತುಂಬಿದಾಗ ಅದು ಬಾಗುವುದು ಎರಡರಷ್ಟಲ್ಲ, ಹದಿನಾರರಷ್ಟು. ಗ್ರಾಮಫೋನ್ ತಟ್ಟೆಗಳಿಗಾದರೆ ಪ್ರತಿ ಖಾನೆಯೂ 32 ಸೆಂಟಿಮೀಟರ್ ಎತ್ತರ ಇರಲೇಬೇಕು.

ಪಾಲಿಶ್ ಬಗ್ಗೆ ಒಂದೇ ಮಾತು: ತಂದ ದಿನವೇ ಉಜ್ಜಲು ಹೋಗಬೇಡ. ಹಳೆಯ ಹೊಳಪು ಸಾಮಾನ್ಯವಾಗಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿದ ಫ್ರೆಂಚ್ ಪಾಲಿಶ್ ಆಗಿರುತ್ತೆ. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದರೆ ಅಂಟಂಟಾಗುತ್ತೆ, ಅದೇ ಗುರುತು. ಅಂಥದ್ದನ್ನು ಕಿತ್ತುಹಾಕದೆ ಅದರ ಮೇಲೆಯೇ ಸರಿಪಡಿಸಬಹುದು. ಬಣ್ಣ ಬಳಿದ ಹಳೆಯ ಕಪಾಟನ್ನು ಮಾತ್ರ ಒದ್ದೆ ಮಾಡದೆ ಮರಳುಕಾಗದದಲ್ಲಿ ಉಜ್ಜಲೇಬೇಡ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳಿಗೆ ವಿಷ. ಬಿಗಿಯಾದ ಡ್ರಾಯರಿಗೆ ಮೇಣದ ಬತ್ತಿ ಉಜ್ಜಿದರೆ ಸಾಕು. ಮುಗ್ಗುಲು ವಾಸನೆ ಗಾಳಿ, ಬೆಳಕಿಗೆ ಹೋಗುತ್ತೆ, ಆದರೆ ಕಡುಬಿಸಿಲಿಗೆ ಇಟ್ಟರೆ ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಹಾಳೆ, ಎದ್ದುಬರುತ್ತೆ.

ಹೋಗುವ ಮುಂಚೆ ನಿನ್ನ ಮನೆಯ ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು, ಎರಡನ್ನೂ ಅಳೆದು ಚೀಟಿಯಲ್ಲಿ ಬರೆದಿಟ್ಟುಕೋ. ಟೇಪು, ಟಾರ್ಚು ಕಿಸೆಯಲ್ಲಿರಲಿ. ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡರೆ ತಕ್ಷಣ ಕೀಲಿನ ಮೇಲೆ ತಪ್ಪು ಹೊರಿಸಬೇಡ, ನೆಲಕ್ಕೆ ರಸಮಟ್ಟ ಇಟ್ಟು ನೋಡು. ಎತ್ತರದ್ದು ಯಾವುದೇ ಇರಲಿ, ಗೋಡೆಗೆ ಬಿಗಿದೇ ನಿಲ್ಲಿಸು. ಮಗು ಕೆಳಗಿನ ಡ್ರಾಯರನ್ನು ಎಳೆದು ಹತ್ತಿದರೆ ಅಷ್ಟು ಭಾರದ ಕಪಾಟೂ ಮುಂದಕ್ಕೆ ಮಗುಚುತ್ತೆ.

ಏಳರಲ್ಲಿ ನನಗೆ ಹಿಡಿಸಿದ್ದು ಕೊನೆಯದು, ಕೆತ್ತನೆಯಿಲ್ಲದ ಆ ಗಿಡ್ಡ ಕಪಾಟು. ಅದರ ಹಿಂಬದಿ ಮತ್ತು ಒಂದು ಡ್ರಾಯರಿನ ಮೂಲೆಯ ಫೋಟೋ ಕಳಿಸು, ಆಮೇಲೆ ಮುಂದಿನ ಮಾತು. ರಜಾಯಿ ಇಡಲು ನಿನಗೆ ಬೀರು ಬೇಕಿದ್ದರೆ ನನ್ನದನ್ನೇ ಪುಕ್ಕಟೆ ಕೊಡುತ್ತೇನೆ. ಮೆಟ್ಟಿಲಿನಿಂದ ಇಳಿಸಿಕೊಂಡು ಹೋಗುವುದು ಮಾತ್ರ ನಿನ್ನ ಪಾಲು.

ಇಂತಿ,
ನಿನ್ನ ಗೆಳೆಯ