ತಾತನ ಪುಟ್ಟ ಟ್ರ್ಯಾಕ್ಟರ್ ಮತ್ತೆ ಚಪ್ಪರದ ಕೆಳಗೆ ಓಡಿತು

ನಮ್ಮ ತಾತನ ಮಿತ್ಸುಬಿಷಿ ಶಕ್ತಿ ಟ್ರ್ಯಾಕ್ಟರ್ ಕಳೆದ ವಾರ ದ್ರಾಕ್ಷಿ ತೋಟದಲ್ಲಿ ಉಳುಮೆ ಮಾಡಿತು. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತೇ ಇದ್ದ ಗಾಡಿ ಇದು. ಇದಕ್ಕೆ ಕೈ ಜೋಡಿಸಿದವರು ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಅಂತ ಮೂರ್ನಾಲ್ಕು ಕಡೆ ಹರಡಿಕೊಂಡಿದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ದ್ರಾಕ್ಷಿ ಕೊಟ್ಟು ಬರಬೇಕು ಅಂತ ಅಪ್ಪನ ಆಸೆ. ಆದರೆ ಹಣ್ಣಿಗೆ ಇನ್ನೂ ಟೈಮ್ ಇದೆ. ಅಲ್ಲಿಯವರೆಗೆ ಸುಮ್ನೆ ಇರೋಕೆ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಗಾಡಿ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಹದಿನೆಂಟೂವರೆ ಎಚ್‌ಪಿ, ಮೂರು ಸಿಲಿಂಡರಿನ ಡೀಸೆಲ್ ಇಂಜಿನ್. ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ತಂದ ಮಾಡೆಲ್. ನಮ್ಮ ಕಡೆ ದ್ರಾಕ್ಷಿ ಬೆಳೆಯುವುದು ಕಲ್ಲು ಕಂಬ ನೆಟ್ಟು, ಮೇಲೆ ತಂತಿ ಎಳೆದ ಚಪ್ಪರದಲ್ಲಿ. ಆಳೆತ್ತರ ಇರುತ್ತದೆ ಅಷ್ಟೇ. ದೊಡ್ಡ ಟ್ರ್ಯಾಕ್ಟರ್ ಒಳಗೆ ಬಂದರೆ ತಂತಿಗೆ ತಾಗುತ್ತದೆ, ಕಂಬಕ್ಕೆ ಉಜ್ಜುತ್ತದೆ, ಬುಡದ ಬೇರು ಕತ್ತರಿಸುತ್ತದೆ. ಈ ಪುಟ್ಟ ಗಾಡಿಯಾದರೆ ಸ್ಟೀರಿಂಗ್ ಮೇಲೆ ಸ್ವಲ್ಪ ಬಗ್ಗಿ ಕೂತರೆ ಸಾಕು, ಸಾಲಿನ ನಡುವೆ ಆರಾಮಾಗಿ ಹೋಗಿ ಬರುತ್ತದೆ. ತಾತ 1992ರಲ್ಲಿ ರೈತರಿಗೆ ಸಾಲ ಕೊಡುವ ಸಹಕಾರಿ ಪಿಎಲ್‌ಡಿ ಬ್ಯಾಂಕಿನ ಸಾಲದಲ್ಲಿ ತಂದಿದ್ದು. ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ. ನಂಬರ್ ಪ್ಲೇಟಿನಲ್ಲಿ ಇವತ್ತಿಗೂ ಕೆಎ-07 ಅಂತಲೇ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಕೆಎ-40 ಬಂದ ಮೇಲೂ ತಾತನ ಗಾಡಿ ಕೋಲಾರದ್ದೇ.

ಮೊದಲ ನಮಸ್ಕಾರ ನಮ್ಮ ಅಜ್ಜಿಗೆ. ಬೋರ್‌ವೆಲ್ ಸಾವಿರ ಅಡಿ ದಾಟಿ, ಬೆಂಗಳೂರು ಬ್ಲೂ ತಳಿಯ ದ್ರಾಕ್ಷಿ ಬಳ್ಳಿ ಅರ್ಧಕ್ಕರ್ಧ ಕಿತ್ತ ಕಾಲದಲ್ಲೇ ಗಾಡಿಯೂ ಕೆಟ್ಟು ನಿಂತಿತು. ಗುಜರಿಯವರು ಮನೆ ಬಾಗಿಲಿಗೇ ಬಂದು ರೇಟು ಹೇಳಿದರು. ಮನೆಯಲ್ಲಿ ದುಡ್ಡಿನ ಅವಸರವೂ ಇತ್ತು. ಅಜ್ಜಿ ಒಂದೇ ಮಾತು ಹೇಳಿದರು: "ನಾನಿರೋವರೆಗೂ ಅದು ಶೆಡ್ಡಿಂದ ಆಚೆ ಹೋಗಲ್ಲ. ಓಡಿಸೋದಾದ್ರೆ ಓಡಿಸಿ." ಪ್ರತಿ ಆಯುಧಪೂಜೆಗೂ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಸುತ್ತಿದ್ದರು. ಚಕ್ರದಲ್ಲಿ ಗಾಳಿ ಇಲ್ಲದಿದ್ದರೂ ನಿಂಬೆಹಣ್ಣು ಇಡುವುದನ್ನು ಬಿಡಲಿಲ್ಲ. ಅವರ ಹಟ ಇಲ್ಲದಿದ್ದರೆ ಇವತ್ತು ರಿಪೇರಿ ಮಾಡೋಕೆ ಗಾಡಿಯೇ ಇರುತ್ತಿರಲಿಲ್ಲ.

ಆಮೇಲೆ ನಮ್ಮ ಮೆಕ್ಯಾನಿಕ್ ಭಾಯ್. ಇವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಬೇರೆ ಇಬ್ಬರು ನೋಡಿ, ಇಂಜಿನ್ ಮುಗಿದುಹೋಗಿದೆ, ಯಾವುದಾದರೂ ಸೆಕೆಂಡ್‌ಹ್ಯಾಂಡ್ ಇಂಜಿನ್ ಕೂರಿಸಿಬಿಡಿ ಅಂದಿದ್ದರು. ಭಾಯ್ ಬಂದವರು ಮೊದಲು ಸ್ಟಾರ್ಟರ್ ಮುಟ್ಟಬೇಡಿ ಅಂದರು. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ, ಮೂರೂ ಸಿಲಿಂಡರಿಗೆ ಡೀಸೆಲ್ ಮತ್ತು ಆಯಿಲ್ ಕಲಸಿ ಬಿಟ್ಟು, "ಇದು ನೆನೆಯಲಿ, ಅವಸರ ಮಾಡಬೇಡಿ" ಅಂತ ಹೇಳಿ ಹೊರಟುಹೋದರು. ದಿನಾ ಬೆಳಿಗ್ಗೆ ಅಪ್ಪ ಹೋಗಿ ಕೈಯಲ್ಲಿ ಫ್ಲೈವೀಲ್ ಅಲುಗಾಡಿಸಿ ನೋಡುವುದು, ಬಂದು ತಲೆ ಅಲ್ಲಾಡಿಸುವುದು. ಒಂದು ದಿನ ಅದು ಬೆರಳಗಲ ಜರುಗಿತು. ಅಪ್ಪ ಅಲ್ಲಿಂದಲೇ ಕೂಗಿಕೊಂಡರು.

ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿದ ಮೇಲೆ ಭಾಯ್ ನನ್ನನ್ನು ಕರೆದು ತೋರಿಸಿದರು. ನೀರು ಓಡಾಡುವ ದಾರಿಗಳಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಬರುತ್ತಿತ್ತು. ಮೂರನೇ ಸಿಲಿಂಡರಿನ ಗೋಡೆ ಮೇಲೆ, ಪಿಸ್ಟನ್ ನಿಂತಿದ್ದ ಜಾಗದಲ್ಲಿ, ಕಂದು ಬಣ್ಣದ ತುಕ್ಕಿನ ಗೆರೆ ಉಂಗುರದ ಹಾಗೆ ಸುತ್ತಿಕೊಂಡಿತ್ತು. "ಇಂಜಿನ್ ತಪ್ಪಿಲ್ಲ ಅಮ್ಮಾ. ಇದನ್ನ ಕೆಡಿಸಿದ್ದು ಬೋರ್ ನೀರು" ಅಂದರು. ನಮ್ಮ ಕಡೆ ಆಳದ ಬೋರ್ ನೀರು ಎಷ್ಟು ಗಡಸು ಅಂತ ಎಲ್ಲರಿಗೂ ಗೊತ್ತು, ಪಾತ್ರೆ ತಳ ನೋಡಿದರೆ ಸಾಕು. ಅದೇ ನೀರನ್ನು ಇಂಜಿನ್ ತಣ್ಣಗಿಡುವ ರೇಡಿಯೇಟರಿಗೆ ಹಾಕುತ್ತಾ ಬಂದರೆ ಒಳಗೆ ಸುಣ್ಣ ಕಟ್ಟುತ್ತದೆ. ಇಂಜಿನ್ನಿನ ಶಾಖ ನೀರಿಗೆ ಇಳಿಯಲ್ಲ. ಬಿಸಿ ಜಾಸ್ತಿಯಾಗಿ ಹೆಡ್ ಸೊಟ್ಟಗಾಗುತ್ತದೆ, ಅದರಡಿ ನೀರು ಸೋರದಂತೆ ಕೂರಿಸಿದ ಗ್ಯಾಸ್ಕೆಟ್ ಹೋಗುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ. ಹಾಗೇ ನಿಲ್ಲಿಸಿದರೆ ಪಿಸ್ಟನ್ ರಿಂಗು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಇಷ್ಟನ್ನೂ ಅವರು ಒಂದೊಂದೇ ಭಾಗ ಕೈಯಲ್ಲಿ ಹಿಡಿದು ಹೇಳಿಕೊಟ್ಟರು. ಕೆಲಸ ಮಾಡಿಕೊಟ್ಟು ದುಡ್ಡು ತಗೊಂಡು ಹೋಗಬಹುದಿತ್ತು ಅಲ್ವಾ? ನನಗೆ ಕಲಿಸಬೇಕು ಅನ್ನೋ ಹಂಗು ಅವರಿಗೇನೂ ಇರಲಿಲ್ಲ.

ಚಿಕ್ಕಬಳ್ಳಾಪುರದ ಲೇತ್‌ನವರಿಗೂ ಕೈ ಮುಗಿಯುತ್ತೇನೆ. ಸಿಲಿಂಡರ್ ಒಳಗೋಡೆ ಕೊರೆದು ಓವರ್‌ಸೈಜ್ ಪಿಸ್ಟನ್ನಿಗೆ ಸರಿ ಮಾಡಿದ್ದು, ಸೊಟ್ಟಗಾದ ಹೆಡ್ಡಿನ ಮುಖ ಸಮ ಮಾಡಿದ್ದು, ಎಲ್ಲೂ ಸಿಗದ ಒಂದು ಬುಷ್ಷನ್ನು ಹಳೆಯದರ ಅಳತೆ ಹಿಡಿದು ಹೊಸದಾಗಿ ತಿರುವಿಕೊಟ್ಟಿದ್ದು ಅವರೇ. ರೇಡಿಯೇಟರ್ ಕೆಲಸದ ಅಣ್ಣ ಮೇಲಿನ ಟ್ಯಾಂಕ್ ಬಿಚ್ಚಿ, ಒಂದೊಂದು ಕೊಳವೆಗೂ ಸಣ್ಣ ಸರಳು ಹಾಕಿ ತೆಗೆದರು. ಹೊಸದು ಹಾಕಿಸಿಕೊಳ್ಳಿ ಅಂದಿದ್ದರೆ ನಾವು ಎದುರು ಮಾತಾಡುತ್ತಿರಲಿಲ್ಲ.

ಚಿಂತಾಮಣಿ ಕಡೆಯ ಒಬ್ಬ ರೈತರ ಹತ್ತಿರ ಇದೇ ಮಾಡೆಲಿನ ಗಾಡಿ ಕೆಟ್ಟು ಬಿದ್ದಿದೆ ಅಂತ ಶಿಡ್ಲಘಟ್ಟದ ನಮ್ಮ ಸೋದರಮಾವ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಯಾರದೋ ಬಾಯಲ್ಲಿ ಕೇಳಿ ತಿಳಿಸಿದರು. ಹೋದರೆ, ಆ ಹಿರಿಯರು ಹೈಡ್ರಾಲಿಕ್ ಲಿಫ್ಟಿನ ಕವರ್, ಒಂದು ಹಿಂದಿನ ರಿಮ್, ಹೀಟರ್ ಪ್ಲಗ್ ಎಲ್ಲ ತಾವೇ ನಿಂತು ಬಿಚ್ಚಿಸಿ ಕೊಟ್ಟರು. ದುಡ್ಡು ಎಷ್ಟು ಅಂತ ಕೇಳಿದರೆ, "ನನ್ನ ಗಾಡಿ ಎದ್ದೇಳಲ್ಲ, ನಿಮ್ಮದಾದ್ರೂ ಓಡ್ಲಿ" ಅಂದು ನಮಗೇ ಊಟ ಹಾಕಿ ಕಳಿಸಿದರು. ವಾಪಸ್ ಬರುವಾಗ ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಯಜಮಾನರೇ, ನಿಮ್ಮ ಟ್ರ್ಯಾಕ್ಟರಿನ ಲಿಫ್ಟ್ ಈಗ ನಮ್ಮ ರೋಟವೇಟರ್ ಎತ್ತುತ್ತಿದೆ. ಹಣ್ಣು ಬಂದ ದಿನ ಮೊದಲ ಕ್ರೇಟು ನಿಮ್ಮ ಮನೆಗೆ.

ಕಾಗದಪತ್ರದ್ದು ಬೇರೆಯೇ ಓಡಾಟ. ಆರ್‌ಸಿ ತಾತನ ಹೆಸರಲ್ಲೇ ಇತ್ತು. ನಾಡಕಚೇರಿಯಿಂದ ವಂಶವೃಕ್ಷ, ತಾತನ ಮರಣ ಪ್ರಮಾಣಪತ್ರ, ವಾರಸುದಾರರಿಗೆ ವರ್ಗಾಯಿಸುವ ಫಾರಂ 31, ಅವಧಿ ಮುಗಿದ ನೋಂದಣಿಗೆ ಫಾರಂ 25. ಯಾವುದು ಮೊದಲು, ಯಾವುದು ಆಮೇಲೆ ಅಂತ ಚೀಟಿಯಲ್ಲಿ ಬರೆದುಕೊಟ್ಟ ಕಚೇರಿಯ ಆ ಮೇಡಂಗೆ ಧನ್ಯವಾದ. ಅತ್ತೆಯಂದಿರಿಬ್ಬರೂ ಒಂದು ಮಾತೂ ಆಡದೆ ಒಪ್ಪಿಗೆಗೆ ಸಹಿ ಹಾಕಿದ್ದಕ್ಕೆ ಇನ್ನೂ ದೊಡ್ಡ ಧನ್ಯವಾದ.

ಬಣ್ಣ ಹೊಡೆದ ತಮ್ಮನನ್ನು ಮರೆಯೋ ಹಾಗಿಲ್ಲ. ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ತಾತ ಆಯಿಲ್ ಬದಲಾಯಿಸಿದ ತಾರೀಖುಗಳನ್ನು ಮೊಳೆಯಲ್ಲಿ ಗೀರಿ ಬರೆದಿದ್ದರು. ಯಾರೂ ಹೇಳದೆಯೇ ಅವನು ಅದರ ಮೇಲೆ ಪೇಪರ್ ಅಂಟಿಸಿ, ಅಷ್ಟು ಬಿಟ್ಟು ಉಳಿದಿದ್ದಕ್ಕೆ ಕೆಂಪು ಹೊಡೆದ.

ಸ್ಟಾರ್ಟ್ ಮಾಡುವ ದಿನ ಭಾಯ್ ನನ್ನ ಕೈಯಲ್ಲೇ ಡೀಸೆಲ್ ಪೈಪಿನೊಳಗಿನ ಗಾಳಿ (ಏರ್) ತೆಗೆಸಿದರು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತುತ್ತಾ ಹೋಗಬೇಕು. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಗುಳ್ಳೆ ಇಲ್ಲದ ತಿಳಿ ಡೀಸೆಲ್. ಹೀಟರ್ ಕಾಯಿಸಿ ಕೀ ತಿರುಗಿಸಿದರೆ ಒಂದಷ್ಟು ಬಿಳಿ ಹೊಗೆ ಉಗುಳಿ, ಮೂರೂ ಸಿಲಿಂಡರ್ ಸೇರಿಕೊಂಡವು. ಶೆಡ್ಡಿನ ಮುಂದೆ ಅರ್ಧ ಊರೇ ಇತ್ತು. ಅಜ್ಜಿ ಕಿವಿ ಮುಚ್ಚಿಕೊಂಡು ನಗುತ್ತಿದ್ದರು.

ಈಗ ರೇಡಿಯೇಟರಿಗೆ ಬೋರ್ ನೀರು ಹಾಕುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಕೂಲೆಂಟ್ ಬೆರೆಸಿಯೇ ಹಾಕುತ್ತೇವೆ. ಹಳೆ ಟ್ರ್ಯಾಕ್ಟರ್ ಇಟ್ಟುಕೊಂಡವರು ದಯವಿಟ್ಟು ಇದೊಂದನ್ನು ಮಾಡಿ, ಖರ್ಚು ಏನೂ ಅಲ್ಲ.

ಲೇತ್‌ನಲ್ಲಿ ಆ ಥರದ ಬುಷ್ಷುಗಳನ್ನು ಜಾಸ್ತಿಯೇ ಮಾಡಿಸಿಟ್ಟಿದ್ದೇವೆ. ಅಳತೆಯ ಚಿತ್ರವೂ ನನ್ನ ಹತ್ತಿರ ಇದೆ. ಇದೇ ಮಾಡೆಲ್ ಶೆಡ್ಡಿನಲ್ಲಿ ನಿಂತಿದ್ದರೆ ಬಂದು ತಗೊಂಡು ಹೋಗಿ. ದುಡ್ಡು ಬೇಡ. ಭಾಯ್ ಹತ್ತಿರ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಅವರು ಯಾರದಾದರೂ ತೋಟದಲ್ಲಿ ಇರುತ್ತಾರೆ.