ಮೊದಲು ಆನೆ, ಅರಮನೆ ಆಮೇಲೆ

ಮಾನ್ಯರೇ,

ಶಿವಮೊಗ್ಗ ನಗರವನ್ನೂ ಹೊಂಬುಜ ಜೈನ ಮಠವನ್ನೂ ಒಂದೇ ದಿನ ತೋರಿಸುವ ಪ್ರವಾಸಗಳು ಎಡವುವುದು ಕ್ರಮದಲ್ಲಿ. ನಗರದ ಶಿವಪ್ಪ ನಾಯಕನ ಅರಮನೆ ಮುಗಿಸಿ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗುವಷ್ಟರಲ್ಲಿ ಆನೆಗಳು ಮಿಂದು ಕಾಡಿಗೆ ಮರಳಿರುತ್ತವೆ. ಎಂಟೂವರೆಗೇ ಬಿಡಾರದಲ್ಲಿರಬೇಕು. ಅಲ್ಲಿಂದ ತೀರ್ಥಹಳ್ಳಿ, ಕೋಣಂದೂರು ಮೇಲೆ ಹೊಂಬುಜ; ವಾಪಸು ರಿಪ್ಪನ್‌ಪೇಟೆ, ಆಯನೂರು ದಾರಿ. ಹೋದ ರಸ್ತೆಯಲ್ಲೇ ತಿರುಗಿ ಬರುವ ಪ್ರಮೇಯವಿಲ್ಲ.

ಹೊಂಬುಜಕ್ಕೆ ಎರಡೂವರೆ ಗಂಟೆಯಾದರೂ ಕೊಡಿ. ಪದ್ಮಾವತಿ ದೇವಿಯ ದರ್ಶನ ಮಾಡಿಸಿ ಬಸ್ ಹತ್ತಿಸಿದರೆ 1077ರ ಪಂಚಕೂಟ ಬಸದಿ ತಪ್ಪಿಹೋಗುತ್ತದೆ. ಅದರೆದುರಿನ ಎತ್ತರದ ಕಲ್ಲುಕಂಬವಾದ ಮಾನಸ್ತಂಭದ ಪೀಠದಲ್ಲಿ ಕೆತ್ತಿದ ಆನೆ, ಸಿಂಹಗಳನ್ನು ಸುತ್ತು ಹಾಕಿಯೇ ನೋಡಬೇಕು. ದೂರದಿಂದ ಫೋಟೊ ತೆಗೆದರೆ ಬರೀ ಕಂಬ. ಬೆಟ್ಟದ ಮೇಲಿನ ಬಾಹುಬಲಿ ಬಸದಿಗೆ ಊಟಕ್ಕೆ ಮುಂಚೆಯೇ ಹತ್ತಿಸಿ. ಉಂಡ ಮೇಲೆ ಅರ್ಧ ಜನ ಬಸ್ಸಿನಿಂದ ಇಳಿಯುವುದೇ ಇಲ್ಲ! ಮಳೆಗಾಲದಲ್ಲಿ ಪಾಚಿಗೆ ಕಾಲು ಜಾರುತ್ತದೆ, ಇಂಬಳವೂ (ಜಿಗಣೆ) ಹತ್ತುತ್ತದೆ. ಅದನ್ನು ಬಿಡಿಸಲು ಸುಣ್ಣ, ಹೊಗೆಸೊಪ್ಪು ಜತೆಗಿರಲಿ. ಗುಂಪು ದೊಡ್ಡದಿದ್ದರೆ ಊಟದ ಲೆಕ್ಕವನ್ನು ಮಠಕ್ಕೆ ಹಿಂದಿನ ದಿನವೇ ತಿಳಿಸಿ.

ಎರಡೂವರೆಗೆ ಹೊರಟರೆ ನಾಲ್ಕೂವರೆಯೊಳಗೆ ಶಿವಪ್ಪ ನಾಯಕನ ಅರಮನೆ. ಸೋಮವಾರ ಮಾತ್ರ ಬೇಡ, ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ರಜೆ. ಕೋಟೆ ಆಂಜನೇಯ ದೇವಸ್ಥಾನವನ್ನು ಸಂಜೆಗೆ ಇಟ್ಟುಕೊಳ್ಳಿ.

– ಪ್ರವಾಸಿ ಮಾರ್ಗದರ್ಶಿಗಳು, ಶಿವಮೊಗ್ಗ